ಆಫೀಸು–ಮನೆ ಜಗ್ಗಾಟದ ಕಥೆ: ಗೋಳಾಗದೆ ಸಂಘರ್ಷ ಆಗೋದು ಹೇಗೆ?

(ಕಥೆ ಬರೆಯುವವರ ಚರ್ಚೆ; ಮಾತಾಡುವವರದ್ದೆಲ್ಲ ಅಡ್ಡಹೆಸರು.)

ಅರ್ಧಪುಟ ಕೇಳಿದ್ದು:

ನೀಳ್ಗತೆಯೊಂದರ ಕರಡು ಕೈಯಲ್ಲಿದೆ. ಜಾಗ ಬೆಂಗಳೂರು, ಕಾಲ ಈಗಿನದು. ಶುಭಾ, 34 ವರ್ಷ, ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ಗಂಡ ಪ್ರಸನ್ನ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ. ಐದು ವರ್ಷದ ಮಗಳು, ಯುಕೆಜಿ. ಉತ್ತರಹಳ್ಳಿ ಕಡೆ ಸಾಲ ಮಾಡಿ ಕೊಂಡ ಫ್ಲ್ಯಾಟ್. ಮಗುವನ್ನು ನೋಡಿಕೊಳ್ಳಲು ಸಾಗರದ ಹತ್ತಿರದ ಹಳ್ಳಿಯಿಂದ ಅತ್ತೆ ಬಂದಿದ್ದಾರೆ.

ಹನ್ನೆರಡು ಪುಟ ಮುಗಿದರೂ ಕಥೆ ನಿಂತಲ್ಲೇ ನಿಂತಿದೆ. ಅವಳು ತಡವಾಗಿ ಬರ್ತಾಳೆ, ಮಗು ಮಲಗಿರುತ್ತೆ, ಗಂಡ ಮುಖ ಊದಿಸಿಕೊಂಡಿರ್ತಾನೆ, ಬೆಳಗಾದರೆ ಮತ್ತೆ ಅದೇ. ಓದಿದವರು 'ಪಾಪ' ಅಂತಾರೆಯೇ ಹೊರತು 'ಮುಂದೇನಾಯ್ತು' ಅಂತ ಕೇಳಲ್ಲ. ದಿನಚರಿಯನ್ನು ಸಂಘರ್ಷ ಮಾಡೋದು ಹೇಗೆ? ಮ್ಯಾನೇಜರನ್ನು ಖಳನಾಯಕ ಮಾಡಬೇಕಾ? 'ಇಷ್ಟು ಕಷ್ಟ ಇದ್ರೆ ಕೆಲಸ ಬಿಡಬಾರದಾ' ಅನ್ನೋ ಓದುಗರಿಗೆ ಕಥೆಯೊಳಗೇ ಉತ್ತರ ಹೇಗೆ ಕೊಡೋದು? ಇನ್ನೊಂದು: ಲ್ಯಾಪ್‌ಟಾಪ್ ಮುಂದೆ ಕೂತ ಮನುಷ್ಯರ ದೃಶ್ಯ ಯಾಕೆ ಇಷ್ಟು ಸಪ್ಪೆ?

ಕರಡುತಿದ್ದು:

ಸಮಯ ಸಾಲದಿರುವುದು ಸಂಘರ್ಷವಲ್ಲ, ಅದೊಂದು ಪರಿಸ್ಥಿತಿ. ಮಳೆಗಾಲ ಇದ್ದ ಹಾಗೆ. ಮಳೆ ಬರುತ್ತಿದೆ ಎಂದು ಹನ್ನೆರಡು ಪುಟ ಬರೆದರೆ ಓದುಗ ಕಿಟಕಿ ಮುಚ್ಚಿ ಎದ್ದು ಹೋಗುತ್ತಾನೆ. ಸಂಘರ್ಷ ಹುಟ್ಟುವುದು ಒಂದೇ ಗಂಟೆಗೆ ಇಬ್ಬರು ಹಕ್ಕುದಾರರು ಬಂದಾಗ. ಇಬ್ಬರ ಹಕ್ಕೂ ನ್ಯಾಯವಾಗಿರಬೇಕು, ಗಂಟೆಯನ್ನು ಮುಂದೂಡಲು ಬರಬಾರದು, ಕಳೆದುಕೊಂಡವರಿಗೆ ಅದನ್ನು ವಾಪಸ್ ಕೊಡಲು ಆಗಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಕಥೆ ಗೋಳಾಗುತ್ತದೆ.

ನಿಮ್ಮ ಕರಡಿನಲ್ಲಿ ಮೂರೂ ಇಲ್ಲ. 'ತಡವಾಗಿ ಬಂದಳು' ಎಂಬುದು ಯಾವ ದಿನವಾದರೂ ಆಗಬಹುದು. ನಾಳೆ ಬೇಗ ಬಂದರೆ ಸರಿಹೋಗುತ್ತದೆ ಎಂದು ಓದುಗನಿಗೆ ಗೊತ್ತು.

ಒಂದು ಕೆಲಸ ಮಾಡಿ. ಕಥೆಯ ಪುಟಗಳನ್ನು ಪಕ್ಕಕ್ಕಿಟ್ಟು ದೊಡ್ಡ ಹಾಳೆಯಲ್ಲಿ ಒಂದು ವಾರದ ಪಟ್ಟಿ ಬರೆಯಿರಿ. ಅಡ್ಡಕ್ಕೆ ಏಳು ದಿನ, ಉದ್ದಕ್ಕೆ ಬೆಳಗ್ಗೆ 5ರಿಂದ ರಾತ್ರಿ 12. ಶುಭಾಳದ್ದು ಮಾತ್ರವಲ್ಲ, ಪ್ರಸನ್ನ, ಅತ್ತೆ, ಮಗು, ಮ್ಯಾನೇಜರ್, ಐವರದ್ದೂ ಒಂದೇ ಹಾಳೆಯಲ್ಲಿ ಐದು ಬಣ್ಣದಲ್ಲಿ. ಯಾವ ಹೊತ್ತನ್ನು ಆ ವ್ಯಕ್ತಿಯೇ ಬದಲಿಸಬಹುದೋ ಅದನ್ನು ಪೆನ್ಸಿಲ್‌ನಲ್ಲಿ, ಬೇರೆಯವರು ನಿಗದಿ ಮಾಡಿದ್ದನ್ನು ಪೆನ್ನಿನಲ್ಲಿ. ಶಾಲೆಯ ಪೋಷಕರ ಸಭೆ, ಮದುವೆಯ ಮುಹೂರ್ತ, ಡೇಕೇರ್ ಬಾಗಿಲು ಹಾಕುವ ಹೊತ್ತು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಿಡುವ ಸಮಯ, ಕಾಲೇಜಿನ ಪರೀಕ್ಷಾ ಮೇಲ್ವಿಚಾರಣೆ: ಎಲ್ಲ ಪೆನ್ನು. ಆಮೇಲೆ ಎರಡು ಪೆನ್ನಿನ ಗೆರೆ ಎಲ್ಲಿ ಒಂದರ ಮೇಲೊಂದು ಬೀಳುತ್ತದೆ ನೋಡಿ. ಕಥೆಗೆ ಅಂಥದ್ದು ಒಂದು ಸಾಕು. ಸಾಮಾನ್ಯವಾಗಿ ಮೂರು ಸಿಗುತ್ತವೆ. ಎರಡನ್ನು ಬಿಟ್ಟು, ಹೆಚ್ಚು ಬೆಲೆ ತೆರಬೇಕಾದ್ದನ್ನು ಇಟ್ಟುಕೊಳ್ಳಿ.

ಮ್ಯಾನೇಜರ್ ಖಳನಾದರೆ ಕಥೆ ಸುಲಭವಾಗುತ್ತದೆ, ಚೆನ್ನಾಗಿರುವುದಿಲ್ಲ. ಕೆಟ್ಟವನಿಗೆ 'ಇಲ್ಲ' ಎನ್ನುವುದು ಧೈರ್ಯದ ಪ್ರಶ್ನೆ ಅಷ್ಟೆ. ಒಳ್ಳೆಯವನಿಗೆ 'ಇಲ್ಲ' ಎನ್ನುವುದು ಋಣದ ಪ್ರಶ್ನೆ. ಒಂದು ರಾತ್ರಿ ಅವಳ ಕರೆಯನ್ನು ಅವನೇ ತೆಗೆದುಕೊಂಡು ಅವಳನ್ನು ಮನೆಗೆ ಕಳಿಸಲಿ. ಮುಂದಿನ ವಾರ ಅವನು ಕೇಳಿದಾಗ ಶುಭಾಳ ಬಾಯಿ ಕಟ್ಟುತ್ತದೆ.

ರಾತ್ರಿಪಾಳಿ:

ಮೇಲಿನವರ 'ಪೆನ್ನು' ಮಾತು ಆಫೀಸಿನ ಕಡೆಗೂ ಅನ್ವಯಿಸುತ್ತೆ. ಕನ್ನಡದ ಐಟಿ ಕಥೆಗಳಲ್ಲಿ ಎಡವೋದು ಇಲ್ಲೇ: 'ಆಫೀಸಲ್ಲಿ ತುಂಬಾ ಕೆಲಸ ಇತ್ತು' ಅಂತಾರೆ, ಯಾವ ಕೆಲಸ ಅಂತ ಹೇಳಲ್ಲ. ಆ ಕೆಲಸದಲ್ಲೇ ಕಥೆಗೆ ಬೇಕಾದ ಗಡಿಯಾರ ಇದೆ. ಮೂರು ಕೊಡ್ತೀನಿ.

ಮೊದಲನೇದು ಆನ್‌ಕಾಲ್. ತಂಡದಲ್ಲಿ ಸರದಿ ಮೇಲೆ ವಾರಕ್ಕೊಬ್ಬರು ಪ್ರೈಮರಿ, ಒಬ್ಬರು ಸೆಕೆಂಡರಿ. ಸಿಸ್ಟಮ್ ಕೆಟ್ಟರೆ ಪ್ರೈಮರಿ ಫೋನಿಗೆ ಅಲರ್ಟ್ ಬರುತ್ತೆ. ಐದೋ ಹತ್ತೋ ನಿಮಿಷದೊಳಗೆ 'ನೋಡಿದೆ' ಅಂತ ಒತ್ತಬೇಕು. ಒತ್ತದಿದ್ದರೆ ತಾನಾಗೇ ಸೆಕೆಂಡರಿಗೆ ಹೋಗುತ್ತೆ, ಅಲ್ಲೂ ಎತ್ತದಿದ್ದರೆ ಮ್ಯಾನೇಜರ್‌ಗೆ. ಎಲ್ಲಾ ದಾಖಲಾಗುತ್ತೆ. ಹಾಗಾಗಿ ಆ ವಾರ ಶುಭಾ ಸಿನಿಮಾಕ್ಕೆ ಹೋಗೋ ಹಾಗಿಲ್ಲ, ಸಿಗ್ನಲ್ ಸಿಗದ ಕಡೆ ಹೋಗೋ ಹಾಗಿಲ್ಲ, ಬಸವನಗುಡಿ ಛತ್ರದ ಮದುವೆಗೆ ಹೋದರೂ ರೇಷ್ಮೆ ಸೀರೆ ಜೊತೆ ಲ್ಯಾಪ್‌ಟಾಪ್ ಬ್ಯಾಗು. ಮುಹೂರ್ತ ಇರೋದು ಅರ್ಧ ಗಂಟೆ. ಗಟ್ಟಿಮೇಳ ಶುರುವಾಗೋ ಹೊತ್ತಿಗೇ ಅಲರ್ಟ್ ಬಂದರೆ ಅವಳು ಕೂರೋ ಜಾಗ ಯಾವುದು? ಊಟದ ಹಾಲ್, ಇಲ್ಲಾ ವಧುವಿನ ರೂಮು. ವಾಲಗದ ಸದ್ದಿಗೆ ಮ್ಯೂಟ್ ತೆಗೆಯೋ ಹಾಗಿಲ್ಲ, ಆ ಕಡೆಯವರು 'ಆರ್ ಯೂ ದೇರ್' ಅಂತ ಕೇಳ್ತಾನೇ ಇರ್ತಾರೆ. ಇದು ನಗೆ ದೃಶ್ಯನೂ ಹೌದು, ಬೆಂಕಿ ದೃಶ್ಯನೂ ಹೌದು.

ಎರಡನೇದು ರಿಲೀಸ್. ಅಮೆರಿಕದ ಗ್ರಾಹಕರು ಅವರ ಶುಕ್ರವಾರ ರಾತ್ರಿ ಜನ ಕಡಿಮೆ ಇರೋವಾಗ ಹೊಸ ಆವೃತ್ತಿ ಏರಿಸಿ ಅಂತಾರೆ. ಕ್ಯಾಲಿಫೋರ್ನಿಯಾದ ಶುಕ್ರವಾರ ರಾತ್ರಿ 10 ಅಂದರೆ ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಗ್ಗೆ 10.30, ಚಳಿಗಾಲದಲ್ಲಿ 11.30. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಪೋಷಕರ ಸಭೆ ನಡೆಯೋದೂ ಶನಿವಾರ ಬೆಳಗ್ಗೆನೇ. ರಿಲೀಸ್‌ಗೆ ಅದರದ್ದೇ ಮೆಟ್ಟಿಲಿದೆ: ಎರಡು ಮೂರು ದಿನ ಮುಂಚೆ ಕೋಡ್ ಫ್ರೀಜ್ (ಇನ್ನು ಕೋಡ್ ಬದಲಿಸೋ ಹಾಗಿಲ್ಲ), ಆಮೇಲೆ 'ಗೋ, ನೋ–ಗೋ' ಕರೆ (ಏರಿಸೋದಾ ಬೇಡ್ವಾ ಅನ್ನೋ ತೀರ್ಮಾನ), ಏರಿಸೋದು, ಸ್ಮೋಕ್ ಟೆಸ್ಟ್ (ಮುಖ್ಯವಾದದ್ದು ಓಡ್ತಿದೆಯಾ ಅನ್ನೋ ತ್ವರಿತ ಪರೀಕ್ಷೆ), ಒಂದೆರಡು ಗಂಟೆ ಕಾವಲು. ಮಧ್ಯೆ ಡೇಟಾಬೇಸ್ ಬದಲಾಯಿಸೋ ಹಂತ ಬರುತ್ತೆ. ಅದಕ್ಕಿಂತ ಮುಂಚೆ ಎಡವಟ್ಟಾದರೆ ಹಳೇ ಆವೃತ್ತಿಗೆ ವಾಪಸ್ ಹೋಗೋದು ಸಲೀಸು. ಹೊಸ ವಿನ್ಯಾಸದಲ್ಲಿ ಹೊಸ ಮಾಹಿತಿ ಬಂದು ಕೂರೋಕೆ ಶುರುವಾದ ಮೇಲೆ ವಾಪಸ್ ಹೋಗೋದು ಭಾರೀ ಕಷ್ಟ, ಮುಂದಕ್ಕೇ ಸರಿಮಾಡಿಕೊಂಡು ಹೋಗಬೇಕು. ಶಾಲೆಯಿಂದ ಫೋನ್ ಬರೋದನ್ನು ಆ ಹಂತಕ್ಕೆ ಐದು ನಿಮಿಷ ಮುಂಚೆ ಇಡಿ, ಐದು ನಿಮಿಷ ಆದಮೇಲೆ ಅಲ್ಲ. ಮುಂಚೆ ಬಂದರೆ ಅವಳಿಗೆ ಆಯ್ಕೆ ಇದೆ. ಆಮೇಲೆ ಬಂದರೆ ಬರೀ ದುರದೃಷ್ಟ.

ಮೂರನೇದು ಯಾರೂ ಬಳಸದ ಸಂಗತಿ. ಅಮೆರಿಕದವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸ್ತಾರೆ, ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲ ಭಾನುವಾರ. ನಾವು ತಿರುಗಿಸಲ್ಲ. ಕ್ಯಾಲಿಫೋರ್ನಿಯಾದವರ ಬೆಳಗಿನ 8.30ರ ಮೀಟಿಂಗು ಬೇಸಿಗೆಯಲ್ಲಿ ನಮಗೆ ರಾತ್ರಿ 9, ನವೆಂಬರ್ ಆದಮೇಲೆ ರಾತ್ರಿ 10. ಯಾರೂ ಏನೂ ತೀರ್ಮಾನ ಮಾಡಿಲ್ಲ, ಯಾರ ಮೇಲೂ ರೇಗೋ ಹಾಗಿಲ್ಲ, ಆದರೆ ಆ ಮನೆಯ ರಾತ್ರಿ ಒಂದು ಗಂಟೆ ಜರುಗಿಹೋಯ್ತು. 9ರ ಕರೆ 9.30ಕ್ಕೆ ಮುಗಿದು ಮಗಳಿಗೆ ಕಥೆ ಹೇಳೋಕೆ ಸಿಗ್ತಿದ್ದಳು. ಈಗ ಕರೆ ಶುರುವಾಗೋ ಹೊತ್ತಿಗೆ ಮಗಳನ್ನು ಮಲಗಿಸಿ ಮುಗಿಸಿರಬೇಕು, ಆ ಮಗುವೋ ನಿದ್ದೆ ಮಾಡಲ್ಲ.

ಒಂದು ಎಚ್ಚರಿಕೆ. 'ಬೇರೆಯವರಿಗೆ ವಹಿಸಬಾರದಾ?' ಅಂತ ಐಟಿ ಓದುಗ ಕೇಳೇ ಕೇಳ್ತಾನೆ. ಟೀಮ್ ಲೀಡ್ ಅಂದರೆ ಕೆಳಗೆ ಆರೇಳು ಜನ ಇರ್ತಾರೆ. ಬದಲಿ ಯಾಕೆ ಇಲ್ಲ ಅನ್ನೋದನ್ನು ಎರಡನೇ ಪುಟದೊಳಗೆ ನೆಡಬೇಕು. ರಿಲೀಸಿನ ಆ ಡೇಟಾಬೇಸ್ ಬದಲಾವಣೆಗೆ ಇಬ್ಬರ ಒಪ್ಪಿಗೆ ಬೇಕು, ಒಬ್ಬಳು ಶುಭಾ, ಇನ್ನೊಬ್ಬ ರಜೆಯಲ್ಲಿದ್ದಾನೆ ಅಂತಿಟ್ಟುಕೊಳ್ಳಿ. ರಜೆ ಮಂಜೂರು ಮಾಡಿದ್ದು ಶುಭಾನೇ. ಅವನ ನಿಶ್ಚಿತಾರ್ಥ.

ಮೂರನೇಮಹಡಿ:

ಪಾತ್ರಗಳ ಬಾಯಲ್ಲಿ ವಾರಕ್ಕೆ 70 ಗಂಟೆ ಚರ್ಚೆ ಮಾತ್ರ ದಯವಿಟ್ಟು ಬೇಡ. ಯುವಜನ ವಾರಕ್ಕೆ 70 ಗಂಟೆ ದುಡೀಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಅಂದಾಗಿನಿಂದ ಪ್ರತಿ ಎರಡನೇ ಕಥೆಯಲ್ಲಿ ಕ್ಯಾಂಟೀನ್ ಟೇಬಲ್ ಸುತ್ತ ಕೂತು ಪರ-ವಿರೋಧ ಭಾಷಣ. ಲೆಕ್ಕ ಹಾಕಿ ದೃಶ್ಯ ಮಾಡಿ, ಸಾಕು: ಐದು ದಿನಕ್ಕೆ ಹಂಚಿದರೆ ದಿನಕ್ಕೆ 14 ಗಂಟೆ. ಅದಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಸೇರಿಸಿದ ಮೇಲೆ ಉಳಿಯೋ ಗಂಟೆಗಳಲ್ಲಿ ಒಬ್ಬ ಮನುಷ್ಯ ಏನೇನು ಮಾಡ್ತಾನೆ ತೋರಿಸಿ. ಭಾಷಣದ ಕೆಲಸ ಅದೇ ಮಾಡುತ್ತೆ.

ದಾರಿ ವಿಷಯ ಬಂದಿದ್ದಕ್ಕೆ: ಉತ್ತರಹಳ್ಳಿಯಿಂದ ಬೆಳ್ಳಂದೂರಿಗೆ ಈಗ ಕೋಣನಕುಂಟೆ ಕ್ರಾಸ್‌ನಲ್ಲಿ ಹಸಿರು ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಸಿಲ್ಕ್ ಬೋರ್ಡ್‌ನಲ್ಲಿ ಇಳಿದು 500-ಡಿ ಬಸ್ಸು ಹಿಡಿಯಬಹುದು. ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಕಥೆ ಅದಕ್ಕಿಂತ ಹಿಂದಿನದಾದರೆ ಅವಳನ್ನು ಆ ರೈಲು ಹತ್ತಿಸಬೇಡಿ. ವೈಟ್‌ಫೀಲ್ಡ್ ಕಡೆ ಕಥೆಗೂ ಇಂಥ ಗುಂಡಿ ಇದೆ. 2023ರ ಮಾರ್ಚ್‌ನಿಂದ ಅಕ್ಟೋಬರ್ ತನಕ ಕೆ.ಆರ್. ಪುರ–ಬೈಯಪ್ಪನಹಳ್ಳಿ ನಡುವೆ ಮಾತ್ರ ಮೆಟ್ರೋ ಇರಲಿಲ್ಲ, ಜನ ಇಳಿದು ಬಸ್ಸು ಹಿಡಿದು ಮತ್ತೆ ಹತ್ತುತ್ತಿದ್ದರು. ಆ ಏಳು ತಿಂಗಳಲ್ಲಿ ಕಥೆ ಇಟ್ಟರೆ ತಡವಾಗೋಕೆ ಬೇರೆ ಕಾರಣ ಹುಡುಕೋದೇ ಬೇಡ.

ಅರ್ಧಪುಟ:

ಗಡಿಯಾರ ತಿರುಗೋ ಸಂಗತಿ ತಲೆಗೆ ಹೊಳೆದೇ ಇರಲಿಲ್ಲ. ಹಾಗಾದರೆ ಕಥೆಯನ್ನು ನವೆಂಬರ್ ಮೊದಲ ವಾರಕ್ಕೆ ತರ್ತೀನಿ. ನಿಶ್ಚಿತಾರ್ಥದ ರಜೆಯನ್ನೂ ಇಟ್ಟುಕೊಳ್ತೀನಿ.

ಅತ್ತೆಯ ಪಾತ್ರ ಮಾತ್ರ ಇನ್ನೂ ಪೀಠೋಪಕರಣದ ಥರ ಕೂತಿದೆ. ಅಡಿಗೆ ಮಾಡ್ತಾರೆ, ಮಗು ನೋಡಿಕೊಳ್ತಾರೆ, ನಡುವೆ ಒಂದು ಚುಚ್ಚುಮಾತು. ಇದು ಸವಕಲು ಅಂತ ನನಗೇ ಅನ್ನಿಸ್ತಿದೆ. ಅವರಿಗೆ ಏನು ಕೊಡಲಿ?

ತೋಟದಾಚೆ:

ನವೆಂಬರ್ ಅಂದ್ರಲ್ಲ, ಅತ್ತೆ ಸಾಗರದ ಕಡೆಯವರು ಅಂತಲೂ ಅಂದ್ರಿ. ಹಾಗಿದ್ರೆ ಅವರಿಗೆ ನೀವು ಏನೂ ಕೊಡಬೇಕಿಲ್ಲ, ಅವರದ್ದೇ ಇದೆ. ಅಡಿಕೆ ಕೊಯ್ಲು.

ಶುಭಾಗೆ ಮಾತ್ರ ಕೆಲಸ, ಅತ್ತೆಗೆ ಬರೀ ಬಿಡುವು ಅಂತ ಕಥೆ ತಿಳಿದುಕೊಂಡಿದೆ. ಅಲ್ಲೇ ಪಾತ್ರ ಸತ್ತಿರೋದು. ಊರಲ್ಲಿ ಮಾವ ಒಬ್ಬರೇ ಇದ್ದಾರೆ, ಎರಡು ಎಕರೆ ತೋಟ ಅಂತ ಇಟ್ಕಳಿ. ಕೆಂಪಡಿಕೆ (ಸುಲಿದು ಬೇಯಿಸಿ ಒಣಗಿಸಿದ ಅಡಿಕೆ) ಮಾಡೋರು ಕಾಯಿ ಹಸಿರಿರುವಾಗಲೇ ಕೊನೆ, ಅಂದ್ರೆ ಗೊನೆ, ಇಳಿಸಬೇಕು. ಮರ ಹತ್ತೋ ಕೊನೆಗೌಡರು ಊರಿಗೆ ಬೆರಳೆಣಿಕೆಯಷ್ಟು, ಅವರು ಕೊಟ್ಟ ದಿನವೇ ದಿನ. ಅದು ನಿಮ್ಮ ಪಟ್ಟಿಯಲ್ಲಿ ದಪ್ಪ ಪೆನ್ನು. ಆ ದಿನ ತಪ್ಪಿದ್ರೆ ಮುಂದಿನ ಸರದಿ ಎಷ್ಟು ದಿನಕ್ಕೋ, ಅಷ್ಟರಲ್ಲಿ ಕಾಯಿ ಹಣ್ಣಾದ್ರೆ ಕೆಂಪಡಿಕೆಗೆ ಬರಲ್ಲ. ಇಳಿಸಿದ ಮೇಲೂ ಕಾಯೋ ಹಾಗಿಲ್ಲ. ಅವತ್ತೇ ರಾತ್ರಿ ಇಲ್ಲಾ ಮರುದಿನ ಸುಲೀಬೇಕು, ಚೊಗರು (ಹಿಂದೆ ಅಡಿಕೆ ಬೇಯಿಸಿದ ಗಟ್ಟಿ ಕಂದು ನೀರು) ಹಾಕಿ ಬೇಯಿಸಬೇಕು, ಅಟ್ಟದ ಮೇಲೆ ಹರಡಿ ಒಣಗಿಸಬೇಕು. ಮೋಡ ಕಟ್ಟಿದ್ರೆ ಓಡಿ ಮುಚ್ಚಬೇಕು. ಸುಲಿಯೋ ಯಂತ್ರ ಬಂದಿದೆ ನಿಜ, ಆದ್ರೂ ಆಳುಗಳಿಗೆ ಚಾ–ತಿಂಡಿ, ಊಟ, ಒಲೆ ಕಾಯೋದು, ಆರಿಸೋದು ಎಲ್ಲಾ ಮನೆ ಹೆಂಗಸರ ತಲೆ ಮೇಲೇ. ಒಂದೇ ಸಲಕ್ಕೆ ಮುಗಿಯೋದೂ ಅಲ್ಲ, ಕೆಲವು ವಾರ ಬಿಟ್ಟು ಎರಡನೇ ಕೊಯ್ಲು, ಮೂರನೇ ಕೊಯ್ಲು.

ಈಗ ನೋಡಿ. ನವೆಂಬರ್ ಮೊದಲ ಭಾನುವಾರ ಶುಭಾಳ ಮೀಟಿಂಗು ಒಂದು ಗಂಟೆ ಮುಂದೆ ಹೋಗುತ್ತೆ. ಅದೇ ವಾರ ಮಾವನ ಫೋನು, ಕೊನೆಗೌಡ ಗುರುವಾರ ಬರ್ತಾನಂತೆ. ಅತ್ತೆ ಹೋದ್ರೆ ಮಗು ಯಾರ ಕೈಗೆ? ಹೋಗದಿದ್ರೆ ವರ್ಷದ ಫಸಲು. ಅತ್ತೆ ಚುಚ್ಚುಮಾತು ಆಡೋದೇ ಬೇಡ. ಬುಧವಾರ ರಾತ್ರಿಯ ಬಸ್ಸಿಗೆ ಸೀಟು ಮಾಡಿಸು ಅಂತ ಮಗನಿಗೆ ಹೇಳಿದ್ರೆ ಮುಗೀತು.

ಅಂದ ಹಾಗೆ, ಅತ್ತೆ ಆ ಸೀಟಿನ ಮಾತನ್ನು ಮಗನಿಗೆ ಹೇಳ್ತಾರೋ ಸೊಸೆಗೆ ಹೇಳ್ತಾರೋ ಅನ್ನೋದರಲ್ಲೇ ಆ ಮನೆಯ ಅರ್ಧ ಚರಿತ್ರೆ ಇದೆ.

ಲೈನ್‌ನಾಲ್ಕು:

ಎಲ್ಲರೂ ಬೆಳ್ಳಂದೂರಲ್ಲೇ ಸುತ್ತುತ್ತಿದ್ದೀರಿ, ಅದಕ್ಕೆ ಈ ಕಡೆಯಿಂದ ಒಂದು ಮಾತು. ಈ ಜಗ್ಗಾಟ ಲ್ಯಾಪ್‌ಟಾಪ್ ಇದ್ದವರ ಸ್ವತ್ತಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆಗೆ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. ಅಲ್ಲಿ ಗಂಟೆ ಅಲ್ಲ, ನಿಮಿಷದ ಲೆಕ್ಕ. ಅಂಗಿಯ ಕಾಲರ್ ಒಬ್ಬಳು, ಕಫ್ ಒಬ್ಬಳು, ತೋಳು ಕೂಡಿಸೋಳು ಇನ್ನೊಬ್ಬಳು. ಗಂಟೆಗಿಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆದಿರುತ್ತೆ. ಒಬ್ಬಳು ಶೌಚಕ್ಕೆ ಎದ್ದು ಹೋದರೆ ಅವಳ ಮಿಷನ್ ಹತ್ತಿರ ಬಂಡಲ್ ಗುಡ್ಡೆ ಬೀಳುತ್ತೆ, ಮುಂದಿನವಳು ಖಾಲಿ ಕೂರ್ತಾಳೆ, ಸೂಪರ್‌ವೈಸರ್ ಕೂಗೋದು ಇಡೀ ಲೈನಿಗೆ. ಅಂದರೆ ಒಬ್ಬಳ ಮನೆಯ ಕಷ್ಟ ಪಕ್ಕದವಳ ಬೈಗುಳ ಆಗುತ್ತೆ. ಕಥೆಗಾರನಿಗೆ ಇದಕ್ಕಿಂತ ಗಟ್ಟಿ ಸಂಘರ್ಷ ಬೇಕಾ? ಮಾಲೀಕನನ್ನು ಕಥೆಯೊಳಗೆ ತರೋದೇ ಬೇಡ. ಜೊತೆಗಾರ್ತಿಯ ಮುಖ ಸಾಕು.

ಕಾನೂನಿನ ಸಂದು ಕೂಡ ಕಥೆಯ ಸಂದೇ. ಇಎಸ್‌ಐನಲ್ಲಿ (ಕಾರ್ಮಿಕರ ಸರ್ಕಾರಿ ವಿಮೆ) ಅವಳಿಗೇ ಕಾಯಿಲೆ ಆದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತೆ. ಮಗುವಿಗೆ ಜ್ವರ ಬಂದು ಮನೆಯಲ್ಲಿ ಕೂತರೆ ಅದು ಸಿಗಲ್ಲ. ಆಗ ಅವಳು ಏನು ಮಾಡ್ತಾಳೆ? ಸುಳ್ಳು ಹೇಳಿ ತನ್ನ ಹೆಸರಲ್ಲಿ ಚೀಟಿ ಬರೆಸ್ತಾಳಾ? 50 ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು ಅನ್ನೋ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಬಂತು. ಹಾಗಾದರೆ ಪ್ರಶ್ನೆ: ಟಾರ್ಗೆಟ್ ಓಡುತ್ತಿರುವಾಗ ಆ ನಾಲ್ಕು ಸಲವನ್ನು ಕೇಳುವ ಮೊದಲ ಹೆಂಗಸು ಯಾರು?

'ಕೆಲಸ ಬಿಡಬಾರದಾ' ಪ್ರಶ್ನೆಗೂ ಇಲ್ಲಿ ಬೇರೆ ಉತ್ತರ. ಕೆಲವು ವರ್ಷ ದುಡಿದು, ಬಿಟ್ಟು, ಪಿಎಫ್ ತೆಗೆದು ಮಗಳ ಫೀಸೋ ಮನೆಯ ಸಾಲವೋ ಕಟ್ಟಿ ಮತ್ತೊಂದು ಕಾರ್ಖಾನೆಗೆ ಸೇರೋದು ಅಲ್ಲಿನ ಲೆಕ್ಕಾಚಾರ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅನ್ನೋ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಇದೇ ಹೆಂಗಸರು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದು ಬೆಂಗಳೂರು ನಿಲ್ಲಿಸಿದರು, ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಕೆಲಸ ಬಿಡೋದು ಅಲ್ಲಿ ಸೋಲಲ್ಲ, ಉಳಿತಾಯದ ಬೀಗದ ಕೈ.

ಬಿಎಂಟಿಸಿ ಕಂಡಕ್ಟರ್ ಪಾತ್ರನೂ ಯಾರಾದರೂ ಮುಟ್ಟಿ. ಪಾಳಿ ಮುಗಿದ ತಕ್ಷಣ ಮನೆಗೆ ಹೋಗೋ ಹಾಗಿಲ್ಲ, ಡಿಪೋಗೆ ಬಂದು ಹಣ ಕಟ್ಟಿ ವೇಬಿಲ್ ಮುಗಿಸಬೇಕು. ಕೊನೆಯ ಟ್ರಿಪ್ಪು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಕಾಯುತ್ತಿರುವ ಮಗು ಒಂದು ಕಡೆ, ಚಿಲ್ಲರೆ ಲೆಕ್ಕ ತಾಳೆಯಾಗದೆ ಕೂತ ಅಮ್ಮ ಇನ್ನೊಂದು ಕಡೆ.

ರಾತ್ರಿಪಾಳಿ:

ಲೈನ್‌ನಾಲ್ಕು ಹೇಳಿದ್ದು ಒಪ್ಪಿದೆ. ಒಂದೇ ತಕರಾರು: ಅರ್ಧಪುಟ ಅವರಿಗೆ ಗೊತ್ತಿರೋದು ಬೆಳ್ಳಂದೂರಾದರೆ ಬೆಳ್ಳಂದೂರನ್ನೇ ಬರೆಯಲಿ. ಕಾರ್ಖಾನೆ ಒಳಗಿನ ಸದ್ದು ಗೊತ್ತಿಲ್ಲದೆ ಬರೆದರೆ ಅದು ಕರುಣೆಯ ಪ್ರಬಂಧ ಆಗುತ್ತೆ.

ಲೈನ್‌ನಾಲ್ಕು:

ಗೊತ್ತಿಲ್ಲದಿದ್ದರೆ ಹೋಗಿ ಕೇಳಬೇಕು. ಗೇಟ್ ಹತ್ತಿರ ಸಂಜೆ ಚಾ ಅಂಗಡಿ ಇರುತ್ತೆ.

ಎದುರುಮಾತು:

ಇಲ್ಲಿಯವರೆಗಿನ ಸಲಹೆಗಳೆಲ್ಲ ಚೆನ್ನಾಗಿವೆ, ಆದರೆ ಎಲ್ಲವೂ ಹೊರಗಿನ ಯಂತ್ರ. ರಿಲೀಸು, ಕೊಯ್ಲು, ಮುಹೂರ್ತ ಎಲ್ಲ ಒಂದೇ ವಾರಕ್ಕೆ ತಂದು ಗುದ್ದಿಸಿದರೆ ಓದುಗನಿಗೆ ಲೇಖಕನ ಕೈ ಕಾಣುತ್ತದೆ. ಎರಡು ಗುದ್ದು ಸಾಕು, ಮೂರನೆಯದು ಕಾಕತಾಳೀಯ.

ನಿಜವಾದ ಪ್ರಶ್ನೆ ಯಾರೂ ಕೇಳಿಲ್ಲ: ಶುಭಾಗೆ ಆ ಕೆಲಸ ಇಷ್ಟವೇ? ಇಂಥ ಕಥೆಗಳಲ್ಲಿ ಹೆಣ್ಣು ಯಾವಾಗಲೂ ವಿಧಿಯಿಲ್ಲದೆ ದುಡಿಯುತ್ತಾಳೆ. ಹಾಗೆ ಬರೆದರೆ ಅವಳು ನಿರಪರಾಧಿ, ಕಥೆಯೂ ನಿರಪಾಯ. ಮಧ್ಯರಾತ್ರಿ ಇಪ್ಪತ್ತು ಜನ ಕರೆಯಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿರುವಾಗ ದೋಷ ಎಲ್ಲಿದೆ ಎಂದು ಅವಳಿಗೆ ಮೊದಲು ಹೊಳೆಯಲಿ. ಆ ಒಂದು ಗಳಿಗೆಯ ಖುಷಿ ಮನೆಯಲ್ಲಿ ಅವಳಿಗೆ ಎಲ್ಲೂ ಸಿಗುವುದಿಲ್ಲ. ಅದನ್ನು ಗಂಡನ ಎದುರು ಒಪ್ಪಿಕೊಳ್ಳಲು ಬಾರದು. ಹಾಗಾಗಿ ಅವಳು ಸಾಲದ ಕಂತಿನ ಮಾತಾಡುತ್ತಾಳೆ.

ಕಂತಿನ ಲೆಕ್ಕ ಗಟ್ಟಿಯಾಗಿರಲಿ, ಯಾಕೆಂದರೆ ಅದೇ ಅವಳ ನೆಪವೂ ಆಗಬೇಕು. 60 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟರೆ ತಿಂಗಳಿಗೆ ಸುಮಾರು 52,000 ರೂಪಾಯಿ. ಪ್ರಸನ್ನನ ಸಂಬಳ 45,000 ಎಂದು ಇಡಿ. ಅವಳು ಬಿಟ್ಟರೆ ಮನೆ ಉಳಿಯುವುದಿಲ್ಲ ಎಂದು ಓದುಗನೇ ಕೂಡಿ ಕಳೆಯುತ್ತಾನೆ. ಬಿಡುತ್ತೇನೆ ಎಂದರೂ ಆ ಸಂಜೆಯೇ ಬಿಡಲು ಬರುವುದಿಲ್ಲ, ಐಟಿಯಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ 60ರಿಂದ 90 ದಿನ. ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರೆ ಬಿಡುಗಡೆ ಫೆಬ್ರವರಿಗೆ, ಅಷ್ಟರಲ್ಲಿ ಕೊಯ್ಲೂ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗುವ ವೀರಾವೇಶದ ದೃಶ್ಯ ಬೆಂಗಳೂರಿನಲ್ಲಿ ಸುಳ್ಳು. ರಾಜೀನಾಮೆ ಎಂದರೆ ಇನ್ನೂ ಮೂರು ತಿಂಗಳು ಅದೇ ಕುರ್ಚಿ.

ಈಗ ಕಥೆಗೆ ಕಚಗುಳಿ ಇಡುವ ದೃಶ್ಯ: ಪ್ರಸನ್ನ ಹಾಳೆ ತೆಗೆದು ಲೆಕ್ಕ ಮಾಡಿ, ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ನಾವು ಚಿಕ್ಕ ಮನೆಗೆ ಹೋದರೆ ಹೇಗೋ ನಡೆಯುತ್ತದೆ, ನೀನು ಬಿಡಬಹುದು ಎನ್ನಲಿ. ನೆಪವನ್ನು ಪ್ರೀತಿಯಿಂದಲೇ ಕಿತ್ತುಕೊಳ್ಳಲಿ. ಆಗ ಶುಭಾ ಏನು ಹೇಳುತ್ತಾಳೆ?

ಕರಡುತಿದ್ದು:

ಎದುರುಮಾತು ಅವರು ಹೇಳಿದ್ದು ಸರಿ, ನನ್ನ ಪಟ್ಟಿಗೆ ಇದು ಸೇರಲೇಬೇಕು. ಒಂದು ತಿದ್ದುಪಡಿ: ಆ ಇಷ್ಟವನ್ನು ಅವಳ ಮನಸ್ಸಿನ ಸ್ವಗತದಲ್ಲಿ ಬರೆಯಬೇಡಿ. ರಿಲೀಸು ಮುಗಿದ ಮೇಲೂ ಹದಿನೈದು ನಿಮಿಷ ಅವಳು ಕರೆಯಲ್ಲೇ ಉಳಿಯಲಿ, ಬೇಕಿಲ್ಲದಿದ್ದರೂ. ಅದನ್ನು ಗಮನಿಸುವವರು ಪ್ರಸನ್ನ ಅಲ್ಲ, ಅತ್ತೆ ಆಗಲಿ. ಒಲೆ ಕಾದು ಅಡಿಕೆ ಬೇಯಿಸಿದ ಹೆಂಗಸಿಗೆ ಕೆಲಸದ ಮೇಲಿನ ಮೋಹ ಬೇಗ ಗುರುತಾಗುತ್ತದೆ.

ಇನ್ನು ಲ್ಯಾಪ್‌ಟಾಪ್ ದೃಶ್ಯದ ಸಪ್ಪೆತನ. ಪರದೆಯ ಮೇಲೆ ಏನಾಗುತ್ತಿದೆ ಎಂದು ಬರೆದರೆ ಕೈಪಿಡಿಯಾಗುತ್ತದೆ. ಪರದೆ ಎಂದರೆ ಕಾಯುವಿಕೆ. ಕಾಯುತ್ತಿರುವಾಗ ಅದೇ ಕೋಣೆಯಲ್ಲಿ ಬೇರೆಯವರು ಏನು ಮಾಡುತ್ತಿದ್ದಾರೆ ಅದನ್ನು ಬರೆಯಿರಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಬಾಗಿಲಿರುವ ಕೋಣೆ ಯಾರಿಗೆ, ಡೈನಿಂಗ್ ಟೇಬಲ್ ಯಾರಿಗೆ? ಶುಭಾ ಬಾಗಿಲು ಹಾಕಿಕೊಂಡರೆ ಪ್ರಸನ್ನ ಉತ್ತರಪತ್ರಿಕೆ ತಿದ್ದುವುದು ಅಡುಗೆಮನೆಯ ಕಟ್ಟೆಯ ಮೇಲೆ. ಫೋನಿನಲ್ಲಿ ಜಗಳ ಆಡಿಸಬೇಡಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿಟ್ಟು ಒಬ್ಬಳನ್ನು ಕರೆಯಲ್ಲಿಡಿ. ಅವಳು ಮಾತಾಡುವಂತಿಲ್ಲ, ಅವನು ಸುಮ್ಮನಿರುವಂತಿಲ್ಲ.

ಭಾಷೆಯೂ ದೃಶ್ಯವೇ. ಗ್ರಾಹಕನ ಜೊತೆ ತೂಗಿ ಆಡುವ ಇಂಗ್ಲಿಷು, ತಂಡದ ಜೊತೆ ಬೆರಕೆ ಕನ್ನಡ, ಅತ್ತೆಯ ಜೊತೆ ಸಾಗರದ ಮಾತು. ಒಂದೇ ನಿಮಿಷದಲ್ಲಿ ಮೂರೂ ಬರಲಿ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಪುಟಗಟ್ಟಲೆ ಸುರಿಯಬೇಡಿ. ಒಂದೆರಡು ತುಣುಕು ಕೊಟ್ಟು ಉಳಿದದ್ದನ್ನು ನಿರೂಪಣೆಗೆ ತನ್ನಿ.

ಅರ್ಧಪುಟ:

ತುಂಬಾ ಸಿಕ್ಕಿತು. ಮುಹೂರ್ತದ ದೃಶ್ಯ ಬಿಡ್ತೀನಿ, ರಿಲೀಸು ಮತ್ತು ಕೊಯ್ಲು ಎರಡೇ. ಕೊನೆ ಬಗ್ಗೆ ಮಾತ್ರ ಹೇಳಿ. ಈಗಿರೋದು: ಅವಳು ಕೆಲಸ ಬಿಟ್ಟು ಎಲ್ಲರೂ ಊರಿಗೆ ಹೋಗಿ ತೋಟ ಮಾಡ್ತಾರೆ.

ತೋಟದಾಚೆ:

ದಯವಿಟ್ಟು ಬೇಡ. ತೋಟ ಅಂದ್ರೆ ವಿಶ್ರಾಂತಿ ಅಲ್ಲ ಅಂತ ಇಷ್ಟು ಹೊತ್ತು ಹೇಳಿದ್ದು.

ಕರಡುತಿದ್ದು:

ಊರಿಗೆ ಮರಳುವುದು, ಹೃದಯಾಘಾತ, ಮ್ಯಾನೇಜರಿನ ಮನಪರಿವರ್ತನೆ: ಈ ಮೂರೂ ಕೊನೆಗಳನ್ನು ವಿಶೇಷಾಂಕಗಳು ಸವೆಸಿಬಿಟ್ಟಿವೆ. ಈ ಕಥೆಯಲ್ಲಿ ಇನ್ನೂ ಒಂದೂ ತೀರ್ಮಾನ ತೆಗೆದುಕೊಳ್ಳದೆ ಇರುವವರು ಯಾರು ನೋಡಿ. ಅತ್ತೆ. ಬುಧವಾರದ ಬಸ್ಸಿಗೆ ಅವರು ಎರಡು ಸೀಟು ಮಾಡಿಸಲಿ, ತನಗೊಂದು, ಮೊಮ್ಮಗಳಿಗೊಂದು. ಕೊಯ್ಲು ಮುಗಿಯುವವರೆಗೆ ಊರಿನ ಅಂಗನವಾಡಿಯಲ್ಲಿ ಕೂರಲಿ ಬಿಡು ಎನ್ನಲಿ. ಅದು ಉಪಕಾರವೂ ಹೌದು, ಕಸಿದುಕೊಳ್ಳುವುದೂ ಹೌದು. ಶುಭಾಗೆ ಆ ರಾತ್ರಿ 10ರ ಕರೆ ನಿರಾಳವಾಗಿ ಮುಗಿಯುತ್ತದೆ, ಅದೇ ಅವಳನ್ನು ಹೆದರಿಸಬೇಕು. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂಬ ತೀರ್ಮಾನ ಅವಳದ್ದೇ ಆಗಿರಲಿ, ಬಸ್ಸು ಹೊರಡುವ ಮೊದಲೇ ಆಗಲಿ.

ರಾತ್ರಿಪಾಳಿ:

ಹಾಗಾದರೆ ಒಂದು ತಾಳೆ ನೋಡಿಕೊಳ್ಳಿ. ಸಾಗರದ ರಾತ್ರಿ ಬಸ್ಸುಗಳು ಮೆಜೆಸ್ಟಿಕ್‌ನಿಂದ ಹೊರಡೋದು ಸುಮಾರಾಗಿ ಅವಳ ಮೀಟಿಂಗಿನ ಹೊತ್ತಿಗೇ. ಬುಧವಾರ ಅವಳು ಬಸ್‌ಸ್ಟ್ಯಾಂಡ್‌ಗೆ ಹೋಗೋದಾದರೆ ಆ ಮೀಟಿಂಗಿಗೆ ಯಾರು ಕೂರ್ತಾರೆ ಅಂತ ಮುಂಚೆನೇ ಬರೆದಿಡಿ. ಎರಡನೆಯವನು ಇನ್ನೂ ನಿಶ್ಚಿತಾರ್ಥದ ರಜೆಯಲ್ಲೇ ಇದ್ದಾನೆ.